ಜಾತಿ, ಧರ್ಮ, ರಾಜಕೀಯದ ವರದಿ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಪ್ರಶ್ನೆ: ಸಾಗರದ ವಾರಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿ ಎರಡು ವರ್ಷವಾಯಿತು. ಜಾತ್ರೆಯಲ್ಲಿ ಅಂಗಡಿ ಯಾರಿಗೆ ಎನ್ನುವ ಜಗಳ, ಸ್ಮಶಾನದ ಜಾಗ, ಮೀಸಲಾತಿ, ಚುನಾವಣೆ ಬಂದಾಗ ಜಾತಿ ಲೆಕ್ಕ ಇಂಥದ್ದನ್ನೇ ಹೆಚ್ಚು ಬರೆಯಬೇಕಾಗುತ್ತದೆ. ಪ್ರತಿ ಸಲವೂ ಸಂಪಾದಕರು ‘ತಜ್ಞರ ಮಾತು ಹಾಕಮ್ಮ’ ಎನ್ನುತ್ತಾರೆ. ನನ್ನ ಫೋನಿನಲ್ಲಿರುವುದು ಸಮಾಜದ ಅಧ್ಯಕ್ಷರ ನಂಬರು, ಮಠದ ಆಪ್ತ ಕಾರ್ಯದರ್ಶಿಯ ನಂಬರು, ಟೀವಿ ಚರ್ಚೆಗೆ ಬರುವ ಬೆಂಗಳೂರಿನ ಇಬ್ಬರ ನಂಬರು. ನಿಜವಾದ ತಜ್ಞರನ್ನು ಹುಡುಕುವುದು ಹೇಗೆ? ಅವರು ಹೇಳಿದ್ದನ್ನು ಎಷ್ಟು ನಂಬಬೇಕು?

ಉತ್ತರ: ನಿಮ್ಮ ಕಷ್ಟದ ಬೇರು ಅರ್ಧ ಪಾಲು ನಮ್ಮ ಪದಗಳಲ್ಲೇ ಇದೆ. ಕನ್ನಡದಲ್ಲಿ ‘ಮತ’ ಎಂದರೆ ಧರ್ಮವೂ ಹೌದು, ವೋಟೂ ಹೌದು, ಅಭಿಪ್ರಾಯವೂ ಹೌದು. ‘ಒಕ್ಕಲಿಗ ಜನಾಂಗ’ ಎನ್ನುವಾಗ ‘ಜನಾಂಗ’ ಜಾತಿಯಾಗುತ್ತದೆ, ‘ಜನಾಂಗೀಯ ನಿಂದನೆ’ ಎನ್ನುವಾಗ ಅದು ಮೈಬಣ್ಣ, ಮೂಲ, ಮುಖಚಹರೆಯ ಮಾತಾಗುತ್ತದೆ. ‘ಸಮಾಜ’ ಎಂದರೆ ಇಡೀ ಊರೂ ಆಗಬಹುದು, ಒಂದು ಜಾತಿಯ ಸಂಘವೂ ಆಗಬಹುದು. ಈ ಗಂಟು ಬಿಡಿಸದೆ ಫೋನು ಮಾಡಿದರೆ ಕರೆ ಹೋಗುವುದು ಬೇರೆ ಯಾರಿಗೋ. ಅದಕ್ಕೇ ಮೊದಲು ‘ಇದಕ್ಕೆ ತಜ್ಞರು ಯಾರು’ ಎಂದು ಯೋಚಿಸಬೇಡಿ. ‘ನನ್ನ ವರದಿಯಲ್ಲಿ ಉತ್ತರ ಸಿಗಬೇಕಾದ ಪ್ರಶ್ನೆಗಳು ಎಷ್ಟು’ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ‘ಧರ್ಮದ ತಜ್ಞ’ ಎಂಬ ಮನುಷ್ಯ ಎಲ್ಲೂ ಇಲ್ಲ. ಇಂಥ ಒಂದು ಪ್ರಶ್ನೆಗೆ ಉತ್ತರ ಬಲ್ಲವರು ಮಾತ್ರ ಇದ್ದಾರೆ.

ನೀವೇ ಹೇಳಿದ ಜಾತ್ರೆಯ ಅಂಗಡಿ ವಿಷಯ ತೆಗೆದುಕೊಳ್ಳೋಣ. 2022ರ ಮಾರ್ಚಿನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ, ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ಎದ್ದಿತು. ಅದರ ಮೇಲೆ ಬಂದ ವರದಿಗಳಲ್ಲಿ ಹೆಚ್ಚಿನವು ಒಬ್ಬ ಮುಖಂಡರ ಹೇಳಿಕೆಗೆ ಇನ್ನೊಬ್ಬ ಮುಖಂಡರ ಪ್ರತಿ ಹೇಳಿಕೆ ಜೋಡಿಸಿ ನಿಂತುಬಿಟ್ಟವು. ಆ ಒಂದು ಸುದ್ದಿಯ ಒಳಗೆ ಕನಿಷ್ಠ ಐದು ಪ್ರಶ್ನೆಗಳಿದ್ದವು. ದೇವಸ್ಥಾನ ಮುಜರಾಯಿ ಪಟ್ಟಿಯಲ್ಲಿದೆಯೇ? ಇದಕ್ಕೆ ಉತ್ತರ ತಹಶೀಲ್ದಾರ್ ಕಚೇರಿಯ ಮುಜರಾಯಿ ಶಾಖೆಯ ಗುಮಾಸ್ತರಲ್ಲಿ ಇರುತ್ತದೆ, ಪ್ರಾಧ್ಯಾಪಕರಲ್ಲಿ ಅಲ್ಲ. ಪಟ್ಟಿಯಲ್ಲಿದ್ದರೆ, ಆಗ ಎಲ್ಲರೂ ಎತ್ತಿದ, ಹಿಂದೂ ಧಾರ್ಮಿಕ ಸಂಸ್ಥೆಗಳ 2002ರ ನಿಯಮಾವಳಿಯ 31ನೇ ನಿಯಮದ 12ನೇ ಉಪನಿಯಮ ಇದಕ್ಕೆ ತಗಲುತ್ತದೆಯೇ? ಸಂಸ್ಥೆಯ ಬಳಿಯ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎನ್ನುತ್ತದೆ ಅದು. ಐದು ದಿನದ ಬಳೆ ಅಂಗಡಿ ‘ಗುತ್ತಿಗೆ’ ಆಗುತ್ತದೋ ಇಲ್ಲವೋ ಎನ್ನುವುದು ಧಾರ್ಮಿಕ ದತ್ತಿ ಪ್ರಕರಣ ನಡೆಸಿದ ವಕೀಲರು ಹೇಳಬೇಕಾದ ಮಾತು. ಮೂರನೆಯದು, ಹಿಂದಿನ ಜಾತ್ರೆಗಳಲ್ಲಿ ಯಾರು ಅಂಗಡಿ ಹಾಕುತ್ತಿದ್ದರು? ಜಾತ್ರಾ ಸಮಿತಿಯ ಹಳೆಯ ರಸೀದಿ ಪುಸ್ತಕ, ಜಾಗ ಹರಾಜಿನ ಲೆಕ್ಕ, ಮೂವತ್ತು ವರ್ಷದಿಂದ ಬರುತ್ತಿರುವ ವ್ಯಾಪಾರಿಗಳು. ನಾಲ್ಕನೆಯದು, ದೇವಿಯ ಆಚರಣೆಯಲ್ಲಿ ಯಾರಿಗೆ ಯಾವ ಹಕ್ಕು? ಇದನ್ನು ಬಾಬುದಾರರು (ಜಾತ್ರೆಯ ಒಂದೊಂದು ಕೆಲಸದ ಪರಂಪರೆಯ ಹಕ್ಕುಳ್ಳವರು), ಪೂಜಾರರು, ಅಸಾದಿಗಳು (ಮಾರಿಯ ಹಾಡು ಹೇಳುವವರು) ಹೇಳಬೇಕು. ಐದನೆಯದು, ಈ ವರ್ಷವೇ ಯಾಕೆ? ಇಲ್ಲಿಗೆ ಬಂದಾಗ ಮಾತ್ರ ರಾಜ್ಯಶಾಸ್ತ್ರದವರು ಬೇಕು. ಐದಕ್ಕೂ ಒಬ್ಬರೇ ಉತ್ತರಿಸಿದರೆ ನಾಲ್ಕರಲ್ಲಿ ಅವರು ಊಹೆ ಹೇಳುತ್ತಿದ್ದಾರೆ ಎಂದೇ ತಿಳಿಯಿರಿ.

ಇನ್ನು ನಿಮ್ಮ ಫೋನಿನಲ್ಲಿರುವ ನಂಬರುಗಳು. ಅವನ್ನು ಅಳಿಸಬೇಡಿ, ಅವೂ ಬೇಕು. ಆದರೆ ಒಂದು ಸಮುದಾಯದ ಪರವಾಗಿ ಮಾತಾಡುವವರು ಬೇರೆ, ಆ ಸಮುದಾಯವನ್ನು ಅಭ್ಯಾಸ ಮಾಡಿದವರು ಬೇರೆ, ಆ ಬದುಕನ್ನು ಬದುಕುತ್ತಿರುವವರು ಇನ್ನೂ ಬೇರೆ. ಸಮಾಜದ ಅಧ್ಯಕ್ಷರು ಮೊದಲ ಗುಂಪಿನವರು. ಅವರ ಮಾತಿಗೆ ತೂಕ ಇರುವುದು ‘ನಮ್ಮ ಸಂಘದ ನಿಲುವು ಇದು’ ಎಂದು ಹೇಳುವಾಗ. ‘ನಮ್ಮವರೆಲ್ಲ ಹೀಗೆ ನಂಬುತ್ತಾರೆ’, ‘ನಮ್ಮ ಪೂರ್ವಿಕರು ಇಲ್ಲಿಂದ ಬಂದವರು’ ಎಂದಾಗ ಅದೇ ತೂಕ ಉಳಿಯುವುದಿಲ್ಲ. ವರದಿಯಲ್ಲಿ ಮೂವರನ್ನೂ ಬಳಸಿ, ಒಬ್ಬರ ಹಣೆಪಟ್ಟಿ ಇನ್ನೊಬ್ಬರಿಗೆ ಅಂಟಿಸಬೇಡಿ. ಮಲೆನಾಡಿನ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಪರವಾಗಿ ಮಾತಾಡುವವರಲ್ಲೂ ‘ಯಾರ ಪರವಾಗಿ’ ಎಂದು ನೋಡಬೇಕು. ‘ಕ್ರೈಸ್ತ ಮುಖಂಡರು’ ಎಂದು ಬರೆಯುವ ಮುನ್ನ ನೆನಪಿಡಿ: ಕೆಥೊಲಿಕರಲ್ಲೇ ಇಲ್ಲಿ ಎರಡು ಧರ್ಮಪ್ರಾಂತ್ಯಗಳಿವೆ. 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯ ಲ್ಯಾಟಿನ್ ಪದ್ಧತಿಯದು. 2007ರಲ್ಲಿ ಆದ ಭದ್ರಾವತಿಯದು ಸಿರೊ ಮಲಬಾರ್ ಪದ್ಧತಿಯದು. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳೇ ಅದರ ಆಧಾರ. ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಬೇರೆ, ಮನೆಯಲ್ಲೇ ಪ್ರಾರ್ಥನೆ ನಡೆಸುವ ಸ್ವತಂತ್ರ ಪೆಂಟೆಕೋಸ್ಟಲ್ ಸಭೆಗಳು ಬೇರೆ. ಪ್ರಾರ್ಥನಾ ಮನೆಯ ಮೇಲೆ ದೂರು ಬಂದಾಗ ಬಿಷಪ್ಪರ ಹೇಳಿಕೆ ಹಾಕಿದರೆ, ಆ ಸಭೆಗೂ ಅವರಿಗೂ ಯಾವ ಸಂಬಂಧವೂ ಇರುವುದಿಲ್ಲ. ಹಾಗೆಯೇ ಲಿಂಗಾಯತ ವಿಚಾರ. ಬಾಳೆಹೊನ್ನೂರಿನ ರಂಭಾಪುರಿ ಪೀಠ ಪಂಚಾಚಾರ್ಯ ಪರಂಪರೆಯದು. ವಿರಕ್ತ ಮಠಗಳು, ಬಸವ ತತ್ತ್ವದ ಸಂಘಟನೆಗಳು ಬೇರೆ ದಾರಿಯವು. ಪ್ರತ್ಯೇಕ ಧರ್ಮದ ಶಿಫಾರಸನ್ನು ರಾಜ್ಯ ಸರ್ಕಾರ 2018ರ ಮಾರ್ಚಿನಲ್ಲಿ ಕೇಂದ್ರಕ್ಕೆ ಕಳಿಸಿದಾಗ ಒಂದು ಕಡೆಯ ಸ್ವಾಮೀಜಿಯ ಮಾತನ್ನು ‘ಲಿಂಗಾಯತರ ಅಭಿಪ್ರಾಯ’ ಎಂದು ಬರೆದವರು ಓದುಗರನ್ನು ದಾರಿ ತಪ್ಪಿಸಿದರು. ಜೈನರಲ್ಲಿ ಹೊಂಬುಜದ ಮಠ ದಿಗಂಬರ ಪರಂಪರೆಯದು. ಶಿವಮೊಗ್ಗ ಪೇಟೆಯ ಮಾರವಾಡಿ ವ್ಯಾಪಾರಿ ಕುಟುಂಬಗಳಲ್ಲಿ ಶ್ವೇತಾಂಬರರಿದ್ದಾರೆ. ಮುಸ್ಲಿಮರಲ್ಲಿ ದಖನಿ ಉರ್ದು ಮಾತಾಡುವವರು, ಬ್ಯಾರಿಗಳು, ಪಿಂಜಾರರು ಒಂದೇ ಸಂಘದ ಕೆಳಗೆ ಬರುವುದಿಲ್ಲ. ದರ್ಗಾದ ಉರುಸನ್ನು ಒಪ್ಪುವವರೂ ಒಪ್ಪದವರೂ ಒಂದೇ ಬೀದಿಯಲ್ಲಿ ಇರುತ್ತಾರೆ.

ಅಡ್ಡಹೆಸರು ನೋಡಿ ಜಾತಿ ಬರೆಯುವುದಂತೂ ಬೇಡವೇ ಬೇಡ. ‘ನಾಯ್ಕ’ ಎಂದರೆ ಶಿಕಾರಿಪುರದ ತಾಂಡಾದಲ್ಲಿ ಲಂಬಾಣಿ, ಭಟ್ಕಳದಲ್ಲಿ ನಾಮಧಾರಿ, ಬಳ್ಳಾರಿ ಕಡೆ ವಾಲ್ಮೀಕಿ ಆಗಿರಬಹುದು. ಮೂವರ ಮೀಸಲಾತಿ ಪ್ರವರ್ಗವೂ ಬೇರೆ ಬೇರೆ. ‘ಹೆಗಡೆ’ ಹವ್ಯಕರಲ್ಲೂ ಇದೆ, ಬಂಟರಲ್ಲೂ ಇದೆ, ಜೈನರಲ್ಲೂ ಇದೆ. ‘ನಾಮಧಾರಿ’ ಎಂಬುದೂ ಘಟ್ಟದ ಕೆಳಗೆ ಈಡಿಗ ಬಳಗದ ಹೆಸರು, ಘಟ್ಟದ ಮೇಲೆ ಒಕ್ಕಲಿಗರ ಒಂದು ಒಳಪಂಗಡದ ಹೆಸರು. ದೂರದ ಡೆಸ್ಕಿನಲ್ಲಿ ಕುಳಿತವರು ಎರಡನ್ನೂ ಒಂದು ಮಾಡಿಬಿಡುತ್ತಾರೆ. ನಿಮ್ಮ ಮಲೆನಾಡಿನ ದೀವರನ್ನೇ ನೋಡಿ, ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಅವರು ‘ಹಳೇಪೈಕ’. ಈ ಹೆಸರು ಗೊತ್ತಿಲ್ಲದೆ ಹುಡುಕಿದರೆ ನೂರು ವರ್ಷದ ಬರವಣಿಗೆ ಕಣ್ಣಿಗೇ ಬೀಳುವುದಿಲ್ಲ.

ಈಗ ಹುಡುಕುವ ಕೆಲಸಕ್ಕೆ ಬರೋಣ. ಅತ್ಯಂತ ಒಳ್ಳೆಯ, ಅತ್ಯಂತ ಕಡಿಮೆ ಬಳಕೆಯಾಗುವ ದಾರಿ ‘ಶೋಧಗಂಗಾ’ ಜಾಲತಾಣ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಕುವೆಂಪು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರು, ಕರ್ನಾಟಕ, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಮಲೆನಾಡಿನ ಜಾತಿ, ದೇವಸ್ಥಾನ, ಭೂಹೋರಾಟ, ಚುನಾವಣೆಯ ಮೇಲೆ ಪ್ರಬಂಧ ಬರೆದವರಿದ್ದಾರೆ. ಹುಡುಕುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ‘ಶಿಮೋಗಾ’ ಎಂದಿದ್ದದ್ದು ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಿಂದ. ಆದ್ದರಿಂದ ಹಳೆಯ ಕಾಗುಣಿತವನ್ನೂ ಹಾಕಿ. ಪ್ರಬಂಧ ಸಿಕ್ಕ ಮೇಲೆ ಮೊದಲಿಂದ ಕೊನೆಯವರೆಗೆ ಓದುವ ಹೊತ್ತು ನಿಮಗಿರುವುದಿಲ್ಲ. ನಾಲ್ಕು ಜಾಗ ಸಾಕು. ಅಧ್ಯಯನ ವಿಧಾನದ ಅಧ್ಯಾಯದಲ್ಲಿ ಯಾವ ತಾಲ್ಲೂಕು, ಎಷ್ಟು ಜನರನ್ನು ಕೇಳಿದ್ದಾರೆ, ಯಾವ ವರ್ಷ ಎಂಬುದು ಇರುತ್ತದೆ. ಕೊನೆಯ ಅಧ್ಯಾಯದಲ್ಲಿ ಕಂಡುಕೊಂಡದ್ದು ಇರುತ್ತದೆ. ಆಕರ ಪಟ್ಟಿಯಲ್ಲಿ ಬೇರೆ ವಿದ್ವಾಂಸರ ಹೆಸರು. ಬಹಳ ಮಂದಿ ಬಿಟ್ಟುಬಿಡುವ ‘ಕೃತಜ್ಞತೆ’ ಪುಟದಲ್ಲಿ ಮಾಹಿತಿ ಕೊಟ್ಟ ಊರಿನ ಹಿರಿಯರು, ನಿವೃತ್ತ ಮೇಷ್ಟ್ರುಗಳು, ದಾಖಲೆ ಇಟ್ಟುಕೊಂಡ ಮನೆತನಗಳು ಸಿಗುತ್ತವೆ. ಆ ಒಂದು ಪುಟದಿಂದ ನಿಮ್ಮ ತಾಲ್ಲೂಕಿನ ತಿಳಿದವರ ಅರ್ಧ ಪಟ್ಟಿ ತಯಾರಾಗುತ್ತದೆ.

ಇತಿಹಾಸದ ವಾದ ಎದ್ದಾಗ, ಅಂದರೆ ‘ಈ ಗುಡಿ ಮೊದಲು ಬಸದಿಯಾಗಿತ್ತು’, ‘ಈ ಜಾಗ ಇಂಥವರಿಗೆ ಉಂಬಳಿ ಬಂದದ್ದು’ ಎಂಬಂಥ ಮಾತು ಬಂದಾಗ, ಶಾಸನ ಓದಬಲ್ಲವರೇ ಬೇಕು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಆವೃತ್ತಿಯಲ್ಲಿ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದ 7ರಲ್ಲಿ. ನಿಮ್ಮ ಸಾಗರ, ಸೊರಬ, ನಗರ (ಈಗಿನ ಹೊಸನಗರ ತಾಲ್ಲೂಕು), ತೀರ್ಥಹಳ್ಳಿ 8ರಲ್ಲಿ. ಶಾಸನದ ಸಂಖ್ಯೆ ಗೊತ್ತುಮಾಡಿಕೊಂಡೇ ಫೋನು ಮಾಡಿ, ‘ಸರ್, ಸಾಗರ ತಾಲ್ಲೂಕಿನ ಇಂತಿಷ್ಟನೇ ಶಾಸನದಲ್ಲಿ ದಾನ ಯಾರಿಗೆ ಎಂದಿದೆ?’ ಎಂದು ಕೇಳಿ. ‘ನಮ್ಮೂರ ಗುಡಿಯ ಇತಿಹಾಸ ಹೇಳಿ’ ಎಂದರೆ ಸಿಗದ ಗಮನ ಈ ಪ್ರಶ್ನೆಗೆ ಸಿಗುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗ ಶಂಕರಘಟ್ಟದಲ್ಲಿದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ, ಕಡತಗಳು ಇವೆ. ಆದರೆ ಶಾಸನ ತಜ್ಞರಿಗೆ ಅವರ ಗೆರೆ ಮೀರಿದ ಪ್ರಶ್ನೆ ಕೇಳಬೇಡಿ. ಕಲ್ಲಿನಲ್ಲಿ ಏನು ಬರೆದಿದೆ ಎಂದು ಅವರು ಹೇಳಬಲ್ಲರು. ಇವತ್ತು ಆ ಜಾಗ ಯಾರದು ಎಂಬುದನ್ನು ಹೇಳುವುದು ಪಹಣಿ, ನ್ಯಾಯಾಲಯ, ಹಾಗೂ ಪೂಜಾಸ್ಥಳಗಳ 1991ರ ಕಾಯಿದೆ. ಪೂಜಾಸ್ಥಳದ ಧಾರ್ಮಿಕ ಸ್ವರೂಪ 1947ರ ಆಗಸ್ಟ್ 15ರಂದು ಹೇಗಿತ್ತೋ ಹಾಗೇ ಇರಬೇಕು ಎನ್ನುತ್ತದೆ ಆ ಕಾಯಿದೆ. ಒಳ್ಳೆಯ ಇತಿಹಾಸಕಾರರ ಬಾಯಲ್ಲಿ ಕಾನೂನಿನ ಮಾತು ಹಾಕಿಸಿದರೆ ಎರಡೂ ಕೆಡುತ್ತವೆ.

ಸ್ಮಶಾನ, ಖಬರಸ್ತಾನ, ದರ್ಗಾ ಜಾಗದ ವಿವಾದಕ್ಕೆ ಬಹುಶಃ ಯಾರೂ ಹೇಳದ ಒಬ್ಬ ತಜ್ಞರಿದ್ದಾರೆ: ನಿವೃತ್ತ ಭೂಮಾಪಕರು, ಇಲ್ಲವೇ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಶಿರಸ್ತೇದಾರರು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ, 11ನೇ ಕಾಲಂನಲ್ಲಿ ಇತರ ಹಕ್ಕು, ಋಣ. 11ರಲ್ಲಿ ಒಂದು ನಮೂದು ಬಂದ ಮಾತ್ರಕ್ಕೆ ಮಾಲೀಕತ್ವ ಹೋಯಿತು ಎಂದು ಬರೆಯುವುದೂ ತಪ್ಪು, ಏನೂ ಆಗಿಲ್ಲ ಎಂದು ಬರೆಯುವುದೂ ತಪ್ಪು. ಯಾವ ಆದೇಶದ ಮೇಲೆ, ಯಾವ ಮ್ಯುಟೇಶನ್ ಸಂಖ್ಯೆಯಿಂದ ಆ ನಮೂದು ಬಂತು ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. ವಕ್ಫ್ ಆಸ್ತಿ ಎಂದರೆ ಗೆಜೆಟ್ ಅಧಿಸೂಚನೆ ಕೇಳಿ, ಮುಜರಾಯಿ ಆಸ್ತಿ ಎಂದರೆ ಆಸ್ತಿ ವಹಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಎಂಬುದನ್ನು ಮರೆತರೆ ಅರ್ಜಿ ಆ ಕಾರಣಕ್ಕೇ ವಾಪಸು ಬರುತ್ತದೆ. ವಾರಪತ್ರಿಕೆಗೆ 30 ದಿನ ದೊಡ್ಡದು, ನಿಜ. ಆದರೆ ಇಂಥ ವಿವಾದಗಳು ವರ್ಷಗಟ್ಟಲೆ ಎಳೆಯುತ್ತವೆ, ಇವತ್ತು ಹಾಕಿದ ಅರ್ಜಿ ಮುಂದಿನ ವರದಿಗೆ ಒದಗುತ್ತದೆ.

ಒಂದೇ ಆವರಣದಲ್ಲಿ ಎರಡು ನಂಬಿಕೆ ಇರುವ ಕಡೆ ಇನ್ನಷ್ಟು ಎಚ್ಚರ ಬೇಕು. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಭೂತರಾಯ, ಚೌಡೇಶ್ವರಿ, ಹಜರತ್ ಸೈಯದ್ ಸಾದತ್ ದರ್ಗಾ ಒಟ್ಟಿಗೇ ಇವೆ. ಹರಕೆ ಹೊತ್ತು ಬರುವವರು ಎರಡಕ್ಕೂ ಕೈಮುಗಿಯುತ್ತಾರೆ. ಇಲ್ಲಿ ಪಂಡಿತರನ್ನೋ ಮೌಲವಿಗಳನ್ನೋ ಕೇಳಿದರೆ ‘ಶಾಸ್ತ್ರದಲ್ಲಿ ಹೀಗಿಲ್ಲ’ ಎಂದೇ ಹೇಳಬಹುದು. ಅದು ಶಾಸ್ತ್ರದ ಬಗ್ಗೆ ಸತ್ಯವಿರಬಹುದು, ಜಾಗದ ಬಗ್ಗೆ ಅಲ್ಲ. ಜಾನಪದ ಅಧ್ಯಯನ ಮಾಡಿದವರು, ಅಲ್ಲಿ ಹಣ್ಣುಕಾಯಿ ಮಾರುವವರು, ತಲೆಮಾರಿನಿಂದ ಬರುವ ಕುಟುಂಬಗಳು ಈ ಪ್ರಶ್ನೆಗೆ ಹೆಚ್ಚು ಬಲ್ಲವರು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆ 1986ರಲ್ಲಿ ದೊಡ್ಡ ಸುದ್ದಿಯಾದಾಗ ಭಕ್ತರು, ದಲಿತ ಸಂಘರ್ಷ ಸಮಿತಿಯವರು, ಪೊಲೀಸರು, ಸರ್ಕಾರ ಎಲ್ಲರ ಮಾತೂ ದಾಖಲಾಯಿತು. ಇಂಥ ಪ್ರಕರಣಗಳಲ್ಲಿ ಕೊನೆಗೂ ಕೇಳದೆ ಉಳಿಯುವುದು ಹರಕೆ ತೀರಿಸುವ ಹೆಂಗಸಿನ ಮಾತು. ನಿಮ್ಮ ಪಟ್ಟಿ ತೆರೆದು ಎಷ್ಟು ಹೆಂಗಸರ ಹೆಸರಿದೆ ಎಣಿಸಿ. ಹತ್ತರಲ್ಲಿ ನಾಲ್ಕಾದರೂ ಇರದಿದ್ದರೆ ಹುಡುಕಾಟ ಮುಗಿದಿಲ್ಲ.

ಹೆಸರು ಸಿಕ್ಕಿತು. ಆ ಮೇಲೆ ಪರೀಕ್ಷೆ. ಇವರು ಈ ನಿರ್ದಿಷ್ಟ ವಿಷಯದ ಮೇಲೆ ಏನು ಪ್ರಕಟಿಸಿದ್ದಾರೆ, ಯಾವಾಗ? 1998ರಲ್ಲಿ ಕ್ಷೇತ್ರಕಾರ್ಯ ಮಾಡಿದವರು ಇವತ್ತಿನ ತಾಂಡಾದ ಬಗ್ಗೆ ಹೇಳುವಾಗ ಆ ವರ್ಷವನ್ನು ವರದಿಯಲ್ಲಿ ಬರೆಯಬೇಕು. ಯಾವುದಾದರೂ ಪಕ್ಷ, ಮಠದ ಟ್ರಸ್ಟು, ಜಾತಿ ಸಂಘ, ಸರ್ಕಾರಿ ಆಯೋಗದಲ್ಲಿ ಹುದ್ದೆ ಇದೆಯೇ, ಇತ್ತೇ? ಈ ವಿವಾದದ ಮೊಕದ್ದಮೆಯಲ್ಲಿ ಕಕ್ಷಿದಾರರೇ, ವಕೀಲರೇ? ಇದ್ದರೆ ಬಿಡಬೇಕೆಂದಿಲ್ಲ, ಓದುಗರಿಗೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಅವರ ಒಳ್ಳೆಯ ಮಾತೂ ನಿಮ್ಮ ಪತ್ರಿಕೆಯೂ ಒಟ್ಟಿಗೆ ಬೀಳುತ್ತವೆ. ಕೊನೆಯ ಪರೀಕ್ಷೆ ಫೋನಿನಲ್ಲೇ ಮಾಡುವಂಥದ್ದು. ‘ಈ ವಿಷಯದಲ್ಲಿ ನಿಮ್ಮನ್ನು ಒಪ್ಪದ, ಆದರೂ ನೀವು ಗೌರವಿಸುವ ವಿದ್ವಾಂಸರು ಯಾರು?’ ಎಂದು ಕೇಳಿ. ವಿಷಯ ಗಟ್ಟಿಯಾಗಿ ತಿಳಿದವರು ಎರಡು ಹೆಸರು ಕೂಡಲೇ ಹೇಳುತ್ತಾರೆ, ಎಲ್ಲಿ ಭಿನ್ನಾಭಿಪ್ರಾಯ ಎಂದೂ ಹೇಳುತ್ತಾರೆ. ‘ಹಾಗೆ ಯಾರೂ ಇಲ್ಲ’ ಎಂದವರ ಮಾತನ್ನು ಒಂಟಿಯಾಗಿ ಅಚ್ಚು ಹಾಕಬೇಡಿ.

ಫೋನಿನ ಮಾತು ಚಿಕ್ಕದಾಗಿರಲಿ. ‘ನಮಸ್ಕಾರ ಸರ್, ಸಾಗರದ ಇಂಥ ಪತ್ರಿಕೆಯಿಂದ ಮಾತಾಡ್ತಿದೀನಿ. ಒಳಮೀಸಲಾತಿ ಬಗ್ಗೆ ಬರೀತಿದೀವಿ, ಲಂಬಾಣಿಗರ ವಲಸೆ ಬಗ್ಗೆ ನಿಮ್ಮ ಅಧ್ಯಯನ ಓದಿದೆ. ಹದಿನೈದು ನಿಮಿಷ ಬೇಕಿತ್ತು, ಮೂರು ಪ್ರಶ್ನೆ ಇದೆ. ನಿಮ್ಮ ಹೆಸರು ಹಾಕ್ತೀವಿ, ಬುಧವಾರ ಅಚ್ಚಿಗೆ ಹೋಗುತ್ತೆ.’ ಇಷ್ಟರಲ್ಲಿ ನೀವು ಯಾರು, ಅವರೇ ಯಾಕೆ, ಎಷ್ಟು ಹೊತ್ತು, ಏನಾಗುತ್ತದೆ ಎಲ್ಲ ಬಂತು. ‘ಹೆಸರು ಬೇಡ’ ಎಂದರೆ ಮಾತು ಶುರುವಾಗುವ ಮೊದಲೇ ತೀರ್ಮಾನಿಸಿ. ಎಲ್ಲ ಹೇಳಿದ ಮೇಲೆ ‘ಇದು ಬರೀಬೇಡಿ’ ಎಂದರೆ ಜಗಳಕ್ಕೆ ದಾರಿ. ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ಸೇವಾ ನಿಯಮದ ಹೆದರಿಕೆ ಇರುತ್ತದೆ. ಅವರಿಗೆ ಸರ್ಕಾರದ ನಿರ್ಧಾರ ಸರಿಯೇ ತಪ್ಪೇ ಎಂದು ಕೇಳದೆ, ಅವರ ಅಧ್ಯಯನದಲ್ಲಿ ಏನು ಕಂಡಿತು ಎಂದು ಕೇಳಿ. ಉತ್ತರವೂ ಸಿಗುತ್ತದೆ, ಅವರ ಕೆಲಸಕ್ಕೂ ತೊಂದರೆಯಿಲ್ಲ. ಮಾತಿನ ನಡುವೆ ಎರಡು ಮೂರು ಸಲ ‘ಇದು ಅಧ್ಯಯನದಿಂದ ತಿಳಿದದ್ದೋ, ನಿಮ್ಮ ಅಭಿಪ್ರಾಯವೋ?’ ಎಂದು ಕೇಳಿ, ಟಿಪ್ಪಣಿಯಲ್ಲಿ ಅ, ಅಭಿ ಎಂದು ಗುರುತು ಹಾಕಿಕೊಳ್ಳಿ. ಬರೆಯುವಾಗ ಈ ಗುರುತೇ ನಿಮ್ಮನ್ನು ಕಾಯುವುದು. ಹೇಳಿಕೆಯನ್ನು ಅಚ್ಚಿಗೆ ಮುಂಚೆ ಓದಿ ಹೇಳುವುದರಲ್ಲಿ ತಪ್ಪಿಲ್ಲ, ತಾಂತ್ರಿಕ ವಿಷಯವಾದರೆ ಓದಿ ಹೇಳಲೇಬೇಕು. ಇಡೀ ವರದಿಯನ್ನು ಕಳಿಸಬೇಡಿ.

ಹೊತ್ತುಗೊತ್ತೂ ನೋಡಿಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನ, ರಂಜಾನಿನ ಇಫ್ತಾರ್ ಹೊತ್ತು, ಭಾನುವಾರ ಬೆಳಿಗ್ಗೆ, ಮಠದಲ್ಲಿ ಪೂಜೆಯ ಸಮಯ ಬಿಡಿ. ಚಾತುರ್ಮಾಸ್ಯದಲ್ಲಿ ಸ್ವಾಮೀಜಿಗಳು ಒಂದೇ ಕಡೆ ಇರುತ್ತಾರೆ, ನೇರ ಭೇಟಿಗೆ ಆಗ ಅನುಕೂಲ. ಅಡಿಕೆ ಕೊಯ್ಲಿನಲ್ಲಿ ಊರಿನ ಹಿರಿಯರು ಫೋನಿಗೆ ಸಿಗುವುದಿಲ್ಲ, ಹಗಲಿಡೀ ತೋಟದಲ್ಲಿ, ಸಂಜೆಯಾದರೆ ಸುಲಿಯುವ ಚಪ್ಪರದಲ್ಲಿ ಇರುತ್ತಾರೆ. ಆಷಾಢದ ಮಳೆಯಲ್ಲಿ ಹಿನ್ನೀರಿನ ಕಡೆ ನೆಟ್‌ವರ್ಕೇ ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೋಗಿ ಮುಖಪರಿಚಯ ಮಾಡಿಕೊಂಡು ಬನ್ನಿ, ಜಗಳ ಎದ್ದ ದಿನ ಅಪರಿಚಿತರಿಗೆ ಯಾರೂ ಬಾಯಿಬಿಡುವುದಿಲ್ಲ.

ರಾಜಕೀಯದ ವರದಿಯಲ್ಲಿ ಹೆಚ್ಚಿನ ಅನಾಹುತ ಆಗುವುದು ಅಂಕಿಗಳಿಂದ. ‘ತಾಲ್ಲೂಕಿನಲ್ಲಿ ನಮ್ಮವರು 60 ಸಾವಿರ ಇದ್ದಾರೆ’ ಎಂದು ಸಮಾಜದ ಮುಖಂಡರು ಹೇಳುತ್ತಾರೆ, ಅದೇ ಅಂಕಿ ಮುಂದಿನ ವಾರ ‘ಮೂಲಗಳ ಪ್ರಕಾರ’ ಆಗುತ್ತದೆ. 2011ರ ಜನಗಣತಿ ಧರ್ಮದ ಲೆಕ್ಕ ಕೊಡುತ್ತದೆ, ಪರಿಶಿಷ್ಟ ಜಾತಿ, ಪಂಗಡದ ಒಟ್ಟು ಸಂಖ್ಯೆಯನ್ನು ಹಳ್ಳಿಯ ಮಟ್ಟದವರೆಗೂ ಕೊಡುತ್ತದೆ. ದೀವರು, ಒಕ್ಕಲಿಗರು, ಲಿಂಗಾಯತರು, ಹವ್ಯಕರು ಎಷ್ಟು ಎಂದು ಹೇಳುವುದಿಲ್ಲ. ಎಲ್ಲ ಜಾತಿಗಳ ಲೆಕ್ಕ ಪ್ರಕಟವಾದ ಕೊನೆಯ ಜನಗಣತಿ 1931ರದು. ಆದ್ದರಿಂದ ಯಾರೇ ಅಂಕಿ ಹೇಳಲಿ, ‘ಯಾವ ಲೆಕ್ಕ, ಯಾವ ವರ್ಷ, ಯಾರು ಎಣಿಸಿದ್ದು?’ ಎಂದು ಕೇಳಿ. ಉತ್ತರವಿಲ್ಲದಿದ್ದರೆ ‘ಎಂದು ಸಂಘ ಹೇಳಿಕೊಳ್ಳುತ್ತದೆ’ ಎಂದೇ ಬರೆಯಿರಿ, ಇಲ್ಲವೇ ಬಿಡಿ.

ಮತದಾನದ ವಿಶ್ಲೇಷಣೆಗೆ ಬೂತುವಾರು ಫಲಿತಾಂಶ ಬೇಕು. ಅದು ಚುನಾವಣಾ ಆಯೋಗದ ನಮೂನೆ 20ರಲ್ಲಿ ಸಿಗುತ್ತದೆ. ಅಭ್ಯರ್ಥಿಯ ಆಸ್ತಿ, ಮೊಕದ್ದಮೆ ವಿವರ ನಮೂನೆ 26ರ ಪ್ರಮಾಣಪತ್ರದಲ್ಲಿ. ಆದರೆ ಒಂದು ಬೂತಿನಲ್ಲಿ ಇಂಥ ಜಾತಿಯವರು ಹೆಚ್ಚು, ಆ ಬೂತಿನಲ್ಲಿ ಇಂಥ ಪಕ್ಷಕ್ಕೆ ಹೆಚ್ಚು ಮತ ಬಂತು, ಆದ್ದರಿಂದ ಆ ಜಾತಿ ಆ ಪಕ್ಷಕ್ಕೆ ಹಾಕಿತು ಎನ್ನುವ ತರ್ಕ ನಿಲ್ಲುವುದಿಲ್ಲ. ಒಬ್ಬೊಬ್ಬರು ಯಾರಿಗೆ ಹಾಕಿದರು ಎಂದು ಬೂತಿನ ಮೊತ್ತ ಹೇಳಲಾರದು. ಇದಕ್ಕೆ ಸಮೀಕ್ಷೆ ಬೇಕು, ಸಮೀಕ್ಷೆಗೂ ಮಿತಿಯಿದೆ. ಯಾದೃಚ್ಛಿಕವಾಗಿ ಆರಿಸಿದ 1,000 ಜನರ ಮಾದರಿಯಲ್ಲಿ ಸುಮಾರು 3 ಶೇಕಡಾ ಅಂಶ ಆಚೀಚೆ ಆಗುತ್ತದೆ, ಅದರೊಳಗೆ ಒಂದು ಸಮುದಾಯದ 100 ಜನರನ್ನೇ ಎತ್ತಿ ನೋಡಿದರೆ ಸುಮಾರು 10. ಹಾಗಿರುವಾಗ ‘ಆ ಸಮುದಾಯದ ಒಲವು ಕಳೆದ ಸಲಕ್ಕಿಂತ 4 ಶೇಕಡಾ ಕುಸಿದಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಸಮೀಕ್ಷೆ ಮಾಡಿದವರನ್ನೇ ‘ಈ ಗುಂಪಿನಲ್ಲಿ ಎಷ್ಟು ಜನರನ್ನು ಮಾತಾಡಿಸಿದಿರಿ?’ ಎಂದು ಕೇಳಿ. ಶಿವಮೊಗ್ಗದ ರಾಜಕೀಯಕ್ಕೆ ಇನ್ನೂ ಒಂದು ಆಳದ ಪದರ ಇದೆ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ, 1974ರ ಭೂಸುಧಾರಣೆ ತಿದ್ದುಪಡಿ, ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರುಗಳು, ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮದ) ಅರ್ಜಿಗಳು. ಇಲ್ಲಿ ‘ಜಾತಿ ಓಟು’ ಎಂದು ಕಾಣುವುದು ಎಷ್ಟೋ ಸಲ ಜಮೀನಿನ ಓಟು. ಭೂಮಿಯ ಮೇಲೆ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞರನ್ನು, ಬೆಂಗಳೂರಿನ ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಸಂಶೋಧನಾ ಸಂಸ್ಥೆಯವರನ್ನು ಕೇಳದೆ ಬರೆದ ಚುನಾವಣಾ ವಿಶ್ಲೇಷಣೆ ಮಲೆನಾಡಿಗೆ ಒಗ್ಗುವುದಿಲ್ಲ.

ಮೂಲ, ಬಣ್ಣ, ಚಹರೆಯ ವಿಷಯ ನಿಮ್ಮ ಪಕ್ಕದಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಆಫ್ರಿಕಾ ಮೂಲದವರು, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ‘ಕ್ರೈಸ್ತರಾದರೆ ಮೀಸಲಾತಿ ಹೋಗುತ್ತದೆ’ ಎಂದು ಯಾರೋ ಹೇಳಿದ್ದನ್ನು ಇಲ್ಲಿ ಹಾಕಿದರೆ ತಪ್ಪಾಗುತ್ತದೆ. ಪರಿಶಿಷ್ಟ ಜಾತಿಗಳನ್ನು ಪಟ್ಟಿ ಮಾಡಿದ 1950ರ ಆದೇಶದ ಧರ್ಮದ ಷರತ್ತು ಪರಿಶಿಷ್ಟ ಜಾತಿಗೆ ಮಾತ್ರ, ಹಿಂದೂ, ಸಿಖ್, ಬೌದ್ಧರಿಗಷ್ಟೇ. ಪರಿಶಿಷ್ಟ ಪಂಗಡಕ್ಕೆ ಆ ಷರತ್ತಿಲ್ಲ. ಇಷ್ಟನ್ನು ಸೇವಾ ಮೀಸಲಾತಿ ಪ್ರಕರಣ ನಡೆಸುವ ವಕೀಲರು ಎರಡು ನಿಮಿಷದಲ್ಲಿ ಹೇಳುತ್ತಾರೆ. ಬುಡಕಟ್ಟುಗಳ ಬಗ್ಗೆ ಮೈಸೂರಿನಲ್ಲಿರುವ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಕೇಂದ್ರ ಕೈಗೆಟಕುವ ಜಾಗಗಳು. ಸಿದ್ದಿಗಳ ಬಗ್ಗೆ ಬರೆಯುವಾಗ ಸಿದ್ದಿಗಳಲ್ಲೇ ಓದಿ ಬರೆಯುವವರು, ಸಂಘಟನೆ ಕಟ್ಟಿದವರು ಇದ್ದಾರೆ. ಹೊರಗಿನ ಮಾನವಶಾಸ್ತ್ರಜ್ಞರಿಗೆ ಮೊದಲ ಜಾಗ ಕೊಟ್ಟು ಸಿದ್ದಿಗಳನ್ನು ಕುಣಿತದ ಫೋಟೊಗೆ ಮಾತ್ರ ಇಟ್ಟುಕೊಳ್ಳುವ ಅಭ್ಯಾಸ ನಿಲ್ಲಬೇಕು. ಕಾಫಿ ತೋಟಕ್ಕೆ ಬಂದ ಅಸ್ಸಾಮಿನ ಕೂಲಿಯವರ ಮೇಲೆ ‘ಬಾಂಗ್ಲಾದೇಶಿಗಳು’ ಎಂಬ ಆರೋಪ ಬಂದಾಗಲೂ ಹೀಗೇ. ಬಂಗಾಳಿ ಮಾತು ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಇದೆ. ಮಾತು ಕೇಳಿ, ಮುಖ ನೋಡಿ ಪೌರತ್ವ ಹೇಳಬಲ್ಲ ತಜ್ಞರು ಇಲ್ಲ. ತೋಟದ ಮಾಲೀಕರಾಗಲಿ ಠಾಣೆಯ ಸಬ್‌ಇನ್‌ಸ್ಪೆಕ್ಟರಾಗಲಿ ಹಾಗೆ ಹೇಳಿದರೆ ಅದು ಅವರ ಆರೋಪ ಅಷ್ಟೇ.

‘ತಜ್ಞರೇ ಹೇಳಿದ್ದು’ ಎಂಬುದು ಕಾನೂನಿನಲ್ಲಿ ರಕ್ಷೆಯಲ್ಲ. ಬೇರೆಯವರ ಮಾನಹಾನಿಕರ ಮಾತನ್ನು ಅಚ್ಚು ಹಾಕಿದವರೂ ಹೊಣೆಗಾರರೇ. ಭಾರತೀಯ ನ್ಯಾಯ ಸಂಹಿತೆಯ 196, 299, 353ನೇ ಕಲಂಗಳು ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ, ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಘಾಸಿ ಮಾಡುವ, ಸುಳ್ಳು ವದಂತಿ ಹರಡುವ ಅಪರಾಧಗಳವು, 356 ಮಾನಹಾನಿಯದು. ಗಲಭೆಯ ದಿನಗಳಲ್ಲಿ ಯಾವ ಊರಿನ ಯಾವ ಓಣಿ ಎಂಬುದರಿಂದಲೇ ಒಂದು ಮನೆ ಗುರುತಾಗಿಬಿಡುತ್ತದೆ. ಊರಿನಲ್ಲಿ ಆ ಸಮುದಾಯದ ಒಂದೇ ಮನೆಯಿದ್ದರೆ ಹೆಸರು ಬಿಟ್ಟರೂ ಹೆಸರು ಹಾಕಿದ ಹಾಗೇ. ಅಂಥ ಕಡೆ ಊರು ಬಿಟ್ಟು ತಾಲ್ಲೂಕು ಮಾತ್ರ ಬರೆಯಿರಿ, ವಯಸ್ಸು, ಕಸುಬು ಬಿಡಿ. ಮಾತಾಡಿದವರಿಗೆ ನಾಳೆ ಏನಾದೀತು ಎಂದು ಅವರನ್ನೇ ಕೇಳಿ, ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಣೆಪಟ್ಟಿಯ ವಿಚಾರಕ್ಕೆ ಒಂದು ಮಾತು. ‘ತಜ್ಞರು’, ‘ಚಿಂತಕರು’, ‘ರಾಜಕೀಯ ವಿಶ್ಲೇಷಕರು’ ಎಂಬ ಪದಗಳನ್ನು ಪೂರ್ತಿ ಬಿಟ್ಟುಬಿಡಿ. ‘ಸೊರಬ ತಾಲ್ಲೂಕಿನ ದೇವರಕಾಡುಗಳ ಮೇಲೆ ಸಂಶೋಧನೆ ಮಾಡಿದ ಸಮಾಜಶಾಸ್ತ್ರದ ಅಧ್ಯಾಪಕಿ’, ‘ಇಪ್ಪತ್ತು ವರ್ಷ ಮುಜರಾಯಿ ಪ್ರಕರಣ ನಡೆಸಿದ ವಕೀಲರು’, ‘ಜಾತ್ರಾ ಸಮಿತಿಯ ಮಾಜಿ ಖಜಾಂಚಿ’ ಎಂದು ಬರೆದರೆ ಅವರ ಮಾತನ್ನು ಎಲ್ಲಿಯವರೆಗೆ ನಂಬಬೇಕು ಎಂದು ಓದುಗರೇ ಅಳೆದುಕೊಳ್ಳುತ್ತಾರೆ.

ಇವತ್ತೇ ಒಂದು ಲೆಕ್ಕದ ಪುಸ್ತಕ ತೆಗೆದುಕೊಂಡು ಆರು ಕಲಂ ಎಳೆಯಿರಿ: ಹೆಸರು, ಯಾವ ಪ್ರಶ್ನೆಗೆ, ಏನು ಆಧಾರ, ಯಾವ ಸಂಘ ಅಥವಾ ಪಕ್ಷದ ನಂಟು, ಯಾವ ಹೊತ್ತಿಗೆ ಸಿಗುತ್ತಾರೆ, ಕೊನೆಯ ಸಲ ಮಾತಾಡಿದ್ದು ಯಾವಾಗ. ಮೊದಲಿಗೆ 40 ಹೆಸರು ಸಾಕು, ಅದರಲ್ಲಿ 15 ನಿಮ್ಮ ಸುತ್ತಿನ ತಾಲ್ಲೂಕುಗಳವೇ ಇರಲಿ. ಒಬ್ಬರನ್ನೇ ವರ್ಷಕ್ಕೆ ಆರು ಸಲ ಉಲ್ಲೇಖಿಸಿದ್ದು ಕಂಡರೆ ಏಳನೆಯ ಸಲ ಬೇರೆಯವರನ್ನು ಹುಡುಕಿ. ವರದಿ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅವರಿಗೆ ಕಳಿಸಿ, ತಪ್ಪಿದ್ದರೆ ಹೇಳಿ ಎಂದು ಕೇಳಿ. ತಿದ್ದುಪಡಿ ಬಂದರೆ ಮುಂದಿನ ಸಂಚಿಕೆಯಲ್ಲಿ ಮೂಲ ವರದಿ ಇದ್ದ ಪುಟದಲ್ಲೇ ಹಾಕಿ.